ವಿಮಾನ ಬೀಳಿಸಿದ್ದು ನಾನು, ಮಾತು ಬಿಟ್ಟಿದ್ದು ಮಗ

ಪ್ರಶ್ನೆ

ನನಗೆ 49 ವರ್ಷ. ಕಚೇರಿಯೊಂದರಲ್ಲಿ ಗುಮಾಸ್ತ. ಒಬ್ಬನೇ ಮಗ, ಈಗ ಪ್ರಥಮ ಪಿಯುಸಿ. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಅವನು ರಿಮೋಟ್‌ನಿಂದ ಹಾರಿಸುವ ವಿಮಾನವೊಂದನ್ನು ಕಟ್ಟಲು ಶುರು ಮಾಡಿದ. ಬಾಲ್ಸಾ ಮರದ ತೆಳು ಹಲಗೆಗಳನ್ನು ಬ್ಲೇಡಿನಲ್ಲಿ ಕೊಯ್ದು, ಒಂದೊಂದೇ ಜೋಡಿಸಿ, ಮೇಲೆ ಬಣ್ಣದ ಫಿಲ್ಮನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸಿ, ಮೋಟಾರು ಕೂರಿಸಿ ಮುಗಿಸುವ ಹೊತ್ತಿಗೆ ದಸರಾ ಬಂದಿತ್ತು. ನಾಲ್ಕಡಿ ರೆಕ್ಕೆಯ ವಿಮಾನ. ಹಬ್ಬದ ದುಡ್ಡು, ಅಜ್ಜಿ ಕೊಟ್ಟ ದುಡ್ಡು ಎಲ್ಲ ಅದಕ್ಕೇ ಹಾಕಿದ. 'ಓದೋ ವಯಸ್ನಲ್ಲಿ ಇದೇನೋ ನಿಂದು' ಎಂದು ನಾನು ಬೈದದ್ದೂ ಉಂಟು. ಆದರೆ ಅದು ಮೊದಲ ಸಲ ಮೇಲೆದ್ದ ದಿನ ನನಗೆ ಮಾತೇ ಹೊರಡಲಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ನನ್ನ ಭಾವಮೈದ ಬಂದಿದ್ದ. ನಮ್ಮ ಹುಡುಗ ಮಾಡಿದ್ದನ್ನು ನೋಡಲಿ ಎಂದು ಎಲ್ಲರನ್ನೂ ಊರ ಹೊರಗಿನ ಮೈದಾನಕ್ಕೆ ಕರೆದುಕೊಂಡು ಹೋದೆ. ಮಗ ಚೆನ್ನಾಗಿ ಹಾರಿಸುತ್ತಿದ್ದ. 'ಕೊಡೋ, ನಾನೊಂದ್ಸಲ ನೋಡ್ತೀನಿ' ಎಂದೆ. 'ಬೇಡಪ್ಪ, ಇನ್ನೊಂದಿನ' ಎಂದ. ನಾನು ಕೈ ಚಾಚಿದೆ, ಕೊಟ್ಟ. ಒಂದು ಸುತ್ತು ಸರಿಯಾಗಿತ್ತು. ನನ್ನ ಕಡೆಗೆ ತಿರುಗಿ ಬರುವಾಗ ಬಲಕ್ಕೆ ಎಂದರೆ ಎಡಕ್ಕೆ ಹೋಯಿತು. ಗಾಬರಿಯಾಗಿ ಕಡ್ಡಿಯನ್ನು ಪೂರ್ತಿ ಹಿಂದಕ್ಕೆಳೆದೆ. ಮೂತಿ ಮೇಲೆತ್ತಿತು, ಗಾಳಿಯಲ್ಲಿ ನಿಂತ ಹಾಗಾಯಿತು, ಒಂದು ಪಕ್ಕಕ್ಕೆ ಮಗುಚಿ ನೆಲಕ್ಕೆ ಅಪ್ಪಳಿಸಿತು. ಮೂತಿ ಪುಡಿ, ಎಡ ರೆಕ್ಕೆ ಎರಡು ತುಂಡು, ಬಾಲ ಸೀಳಿದೆ. ಎಲ್ಲರೂ ನೋಡುತ್ತಿದ್ದರು. 'ಅಂಟು ಸರಿಯಾಗಿ ಹಾಕಿಲ್ಲ ಅನ್ಸುತ್ತೆ ಕಣೋ' ಎಂದುಬಿಟ್ಟೆ.

'ಹೋಗ್ಲಿ ಬಿಡಪ್ಪ' ಎಂದವನೇ ಮಗ ಚೂರುಗಳನ್ನೆಲ್ಲ ಆಯ್ದು, ಹಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟ. ಅಂದಿನಿಂದ ಕೇಳಿದ್ದಕ್ಕಷ್ಟೇ ಉತ್ತರ. ಮನಸ್ಸು ತಡೆಯದೆ ಆನ್‌ಲೈನ್‌ನಲ್ಲಿ ರೆಡಿಮೇಡ್ ವಿಮಾನ ತರಿಸಿಕೊಟ್ಟೆ. ಡಬ್ಬ ಇನ್ನೂ ಒಡೆದಿಲ್ಲ. 'ನಾಲ್ಕು ದಿನ ಬಿಟ್ರೆ ಸರಿಹೋಗ್ತಾನೆ' ಎನ್ನುತ್ತಾಳೆ ನನ್ನ ಹೆಂಡತಿ. ಅವನು ಕಾಲೇಜಿಗೆ ಹೋದಾಗ ನಾನೇ ಕೂತು ರಿಪೇರಿ ಮಾಡಿಟ್ಟರೆ ಹೇಗೆ ಎಂದೂ ಯೋಚಿಸುತ್ತಿದ್ದೇನೆ. ಒಂದು ಆಟದ ಸಾಮಾನಿಗೆ ಇಷ್ಟು ಸಂಕಟವೇ ಎಂದು ನಾಚಿಕೆಯೂ ಆಗುತ್ತದೆ. ಏನು ಮಾಡಲಿ?

— ಹೆಸರು ಬೇಡ, ತುಮಕೂರು

ಸಲಹೆ

ನಾಚಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಆಟದ ಸಾಮಾನು ಎಂದು ಬರೆದಿದ್ದೀರಿ, ಸರಿ. ಆದರೆ ಒಬ್ಬ ಹುಡುಗ ರಜೆಯಿಂದ ದಸರಾವರೆಗೆ ಕೈಯಾರೆ ಕಟ್ಟಿದ, ತನ್ನ ದುಡ್ಡನ್ನೆಲ್ಲ ಹಾಕಿದ, ಮೇಲೆದ್ದಾಗ ಬೈಯುತ್ತಿದ್ದ ಅಪ್ಪನ ಬಾಯನ್ನೇ ಕಟ್ಟಿದ ವಸ್ತು ಅದು. ಅಂಥದ್ದು ನಿಮ್ಮ ಕೈಯಲ್ಲಿ ಮುರಿದರೆ ಸಂಕಟವಾಗಲೇಬೇಕು. ಮಗನ ಶ್ರಮ ಎಷ್ಟೆಂದು ನಿಮಗೆ ಗೊತ್ತಿರುವುದರಿಂದಲೇ ಈ ಸಂಕಟ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಕ್ಕಳ ವಸ್ತು ಒಡೆದರೆ 'ಇನ್ನೊಂದು ತಂದ್ರಾಯ್ತು' ಎಂದು ಮುಗಿಸುವುದು ನಮ್ಮ ಮನೆಗಳಲ್ಲಿ ರೂಢಿ. ನೀವು ತಂದೂ ನೋಡಿದಿರಿ. ಅಷ್ಟಕ್ಕೆ ಮುಗಿಯಲಿಲ್ಲ ಎಂಬುದನ್ನು ಗಮನಿಸಿ, ಏನು ಉಳಿದಿದೆ ಎಂದು ಕೇಳುತ್ತಿದ್ದೀರಿ. ಅರ್ಧ ದಾರಿ ಬಂದಿದ್ದೀರಿ. ಉಳಿದರ್ಧವನ್ನು ನೋಡುವ ಮುಂಚೆ ಒಂದು ಕೆಲಸ ಇವತ್ತೇ ಆಗಬೇಕು.

ಮೊದಲು ಬ್ಯಾಟರಿ

ಚೂರುಗಳೆಲ್ಲ ಅಟ್ಟದ ಮೇಲಿವೆ ಎಂದಿದ್ದೀರಿ, ಬ್ಯಾಟರಿ ಎಲ್ಲಿದೆ ಎಂದು ಹೇಳಿಲ್ಲ. ಈ ಗಾತ್ರದ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದು ಮೂರು ಸೆಲ್‌ಗಳ, 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಹಾರಿಸುವವರು ಲೈಪೋ ಎನ್ನುತ್ತಾರೆ. ಇದಕ್ಕೆ ಟಾರ್ಚಿನ ಸೆಲ್ಲಿಗಿರುವಂಥ ಗಟ್ಟಿ ಲೋಹದ ಕವಚವಿಲ್ಲ, ಮೆತ್ತನೆಯ ಚೀಲವಷ್ಟೇ. ಮೂತಿ ನೆಲಕ್ಕೆ ಬಡಿದಾಗ ಒಳಗಿನ ಪದರಗಳಿಗೆ ಪೆಟ್ಟಾಗಿದ್ದರೆ ಅದು ಆಗಲೇ ಹೊತ್ತಿಕೊಳ್ಳಬಹುದು, ತಡವಾಗಿಯೂ ಹೊತ್ತಿಕೊಳ್ಳಬಹುದು. ಬೆಡ್‌ಶೀಟಿನ ಗಂಟಿನಲ್ಲಿ, ಮನೆಯ ಅಟ್ಟದಲ್ಲಿ ಅದಿರಬಾರದು.

ಹುಡುಗ ತಿಳಿದವನು, ಅಂದೇ ತೆಗೆದಿಟ್ಟಿರಲೂಬಹುದು. 'ಬ್ಯಾಟರಿ ಬೇರೆ ತೆಗೆದಿಟ್ಟಿದ್ದೀಯೇನೋ? ಹಂಗೇ ಇದ್ರೆ ಹೊರಗಿಡೋಣ, ಹೇಗೆ ಅಂತ ನೀನೇ ಹೇಳು' ಎಂದು ಕೇಳಿ. ಊದಿಕೊಂಡಿದ್ದರೆ, ಮೂಲೆ ನುಗ್ಗಾಗಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ ಅದರ ಕಥೆ ಮುಗಿಯಿತು. ಮತ್ತೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ವೈರಿನ ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ, ಮನೆಯ ಹೊರಗೆ, ಉರಿಯುವ ವಸ್ತುಗಳಿಂದ ದೂರ ಇಡಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ಹೊಗೆ ಬರತೊಡಗಿದರೆ ಹತ್ತಿರ ಹೋಗದೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ಈ ಪ್ರಶ್ನೆಯಿಂದ ಇನ್ನೊಂದು ಲಾಭವೂ ಇದೆ. ತಿಂಗಳಿಂದ ನಿಂತ ಮಾತು ಇಬ್ಬರಿಗೂ ಬೇಕಾದ ಒಂದು ಕೆಲಸದಿಂದ ಶುರುವಾಗುತ್ತದೆ. ಆ ಕೆಲಸದಲ್ಲಿ ತಿಳಿದವನು ಮಗ, ಕೇಳುವವರು ನೀವು.

ಮುರಿದದ್ದು ಯಾವುದು?

ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ವಿಮಾನ ಬಿದ್ದ ಬಗೆಯನ್ನು ವಿವರವಾಗಿ ಬರೆದಿದ್ದೀರಿ. ಆಮೇಲೆ ಆಡಿದ ಮಾತನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ: 'ಅಂಟು ಸರಿಯಾಗಿ ಹಾಕಿಲ್ಲ ಅನ್ಸುತ್ತೆ ಕಣೋ.' ನನ್ನ ಮಟ್ಟಿಗೆ ಇಡೀ ಪತ್ರದ ಭಾರ ಇರುವುದು ಅಲ್ಲಿ.

ಮಾದರಿ ವಿಮಾನ ಕಟ್ಟುವವರಿಗೆ ಅದು ಬೀಳುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಕಲಿಯುವಾಗ ಬೀಳಿಸದವರು ಆ ಹವ್ಯಾಸದಲ್ಲಿ ಸಿಗುವುದು ಕಷ್ಟ. ನಿಮ್ಮ ಮಗನೂ ಅದಕ್ಕೆ ಸಿದ್ಧನಿದ್ದಿರಬೇಕು. ಸೋದರಮಾವನ ಎದುರು, ತನ್ನ ಕೈಯಿಂದ ತಪ್ಪೇ ಆಗದಿರುವಾಗ, ತಾನು ಕಟ್ಟಿದ್ದೇ ಸರಿಯಿಲ್ಲ ಎಂದು ಅಪ್ಪನ ಬಾಯಲ್ಲಿ ಕೇಳುವುದಕ್ಕೆ ಯಾವ ಹುಡುಗನೂ ಸಿದ್ಧನಿರುವುದಿಲ್ಲ. ಅದಕ್ಕೂ ಮುಂಚೆ 'ಬೇಡಪ್ಪ' ಎಂದು ಅವನು ಹೇಳಿದ್ದ. ಆ ಮಾತು ನಡೆಯಲಿಲ್ಲ. ಬೇಡವೆಂದರೂ ಕೇಳಲಿಲ್ಲ, ಬಿದ್ದ ಮೇಲೆ ತಪ್ಪೂ ತನ್ನ ಪಾಲಿಗೇ ಬಂತು ಎನ್ನಿಸಿದರೆ ಹದಿನಾರರ ಹುಡುಗ ಏನು ಮಾಡಿಯಾನು? 'ಹೋಗ್ಲಿ ಬಿಡಪ್ಪ' ಎಂದು ಗಂಟು ಕಟ್ಟಿ ಅಟ್ಟಕ್ಕೇರಿಸುತ್ತಾನೆ.

ನಿಮ್ಮನ್ನು ಕಟಕಟೆಗೆ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ನಾಲ್ಕು ಜನರ ಮುಂದೆ ಅವಮಾನವಾದಾಗ ಬಾಯಿಗೆ ಮೊದಲು ಬರುವುದು ಸಮರ್ಥನೆ. ಅದು ಯೋಚಿಸಿ ಆಡಿದ ಮಾತಲ್ಲ ಎಂದು ನಂಬುತ್ತೇನೆ. ಮಗನಿಗೆ ಮಾತ್ರ ಅದು ತೀರ್ಪಿನ ಹಾಗೆ ಕೇಳಿಸಿದೆ. ಹೊಸ ಡಬ್ಬ ಅವನು ಒಡೆಯದಿರುವುದಕ್ಕೂ ಇದೇ ಕಾರಣವಿರಬಹುದು. ನೀನು ಕಟ್ಟಿದ್ದು ಸರಿಯಿರಲಿಲ್ಲ, ಇಗೋ ಸರಿಯಾದದ್ದು ಎಂದು ನೀವು ಹೇಳಿದಂತೆ ಅವನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದ್ದರಿಂದ ಮೊದಲು ರಿಪೇರಿಯಾಗಬೇಕಾದದ್ದು ಆ ಮಾತು. ವಿಮಾನದ ಸರದಿ ಆಮೇಲೆ.

ವಿಮಾನ ಬಿದ್ದದ್ದು ಏಕೆ?

ಆ ಮಾತನ್ನು ಹಿಂತೆಗೆದುಕೊಳ್ಳಬೇಕಾದರೆ ನಿಜವಾಗಿ ಏನಾಯಿತೆಂದು ನಿಮಗೆ ಗೊತ್ತಿರಬೇಕು. ನೀವು ಬರೆದಿರುವ ವಿವರದಲ್ಲೇ ಉತ್ತರವಿದೆ.

ವಿಮಾನ ನಿಮ್ಮಿಂದ ದೂರ ಹೋಗುವಾಗ ಅದರ ಬಲವೂ ನಿಮ್ಮ ಬಲವೂ ಒಂದೇ. ಅದು ತಿರುಗಿ ನಿಮ್ಮ ಕಡೆ ಬರುವಾಗ ಅದರ ಬಲ ನಿಮ್ಮ ಎಡವಾಗುತ್ತದೆ. ಹೊಸಬರ ಕೈಯಲ್ಲಿ ವಿಮಾನ ಬೀಳುವ ದೊಡ್ಡ ಕಾರಣಗಳಲ್ಲಿ ಇದೊಂದು. ತನ್ನತ್ತ ಬರುತ್ತಿರುವ ವಿಮಾನದ ಯಾವ ರೆಕ್ಕೆ ಕೆಳಗೆ ವಾಲುತ್ತಿದೆಯೋ ಆ ಕಡೆಗೇ ಕಡ್ಡಿ ಒತ್ತು ಎಂದು ಕಲಿಸುವವರು ಹೇಳಿಕೊಡುವುದು ಇದಕ್ಕೇ. ಮೆದುಳಿಗೆ ಇದು ಅಭ್ಯಾಸದಿಂದಷ್ಟೇ ಬರುತ್ತದೆ, ಮೊದಲ ಸಲ ಕಡ್ಡಿ ಹಿಡಿದವರಿಗೆ ಬರುವುದಿಲ್ಲ.

ಆಮೇಲೆ ನೀವು ಕಡ್ಡಿಯನ್ನು ಹಿಂದಕ್ಕೆಳೆದಿರಿ. ಮೂತಿ ಮೇಲೆದ್ದಿತು, ವೇಗ ಇಳಿಯಿತು. ರೆಕ್ಕೆ ಗಾಳಿಗೆ ತೀರಾ ಎದುರಾಗಿ ನಿಂತಾಗ ಅದರ ಬೆನ್ನಿನ ಮೇಲೆ ಗಾಳಿ ನಯವಾಗಿ ಹರಿಯುವುದು ತಪ್ಪಿ, ಮೇಲೆತ್ತುವ ಶಕ್ತಿ ಒಮ್ಮೆಗೇ ಕುಸಿಯುತ್ತದೆ. ಸ್ಟಾಲ್ ಎನ್ನುವುದು ಇದಕ್ಕೇ. ಎರಡು ರೆಕ್ಕೆಗಳಲ್ಲಿ ಒಂದು ತುಸು ಮೊದಲೇ ಸೋಲುವುದರಿಂದ ವಿಮಾನ ಆ ಪಕ್ಕಕ್ಕೆ ಮಗುಚುತ್ತದೆ. ನೀವು ಕಂಡದ್ದು ಇದನ್ನೇ. ಗಾಳಿಯಲ್ಲಿ ಏನೂ ಕಳಚಲಿಲ್ಲ. ಮುರಿದದ್ದೆಲ್ಲ ನೆಲಕ್ಕೆ ಬಡಿದ ಮೇಲೆ. ಅದಕ್ಕೂ ಮುಂಚೆ ಮಗನ ಕೈಯಲ್ಲಿ ಅದು ಚೆನ್ನಾಗಿ ಹಾರುತ್ತಿತ್ತು. ಅಂಟಿನ ಮೇಲೆ ತಪ್ಪು ಹೊರಿಸಲು ನಿಮ್ಮ ವಿವರದಲ್ಲಿ ಒಂದು ಆಧಾರವೂ ನನಗೆ ಕಾಣಲಿಲ್ಲ.

ಇಲ್ಲಿ ರೈಟ್ ಸಹೋದರರ ನೆನಪಾಗುತ್ತದೆ. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿ ಆರ್ವಿಲ್ 12 ಸೆಕೆಂಡು ಹಾರಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ದಿನ ಮುಂಚೆ, 14ರಂದು, ನಾಣ್ಯ ಚಿಮ್ಮಿ ಗೆದ್ದ ಅಣ್ಣ ವಿಲ್ಬರ್ ಮೊದಲು ಏರಿದ್ದ. ಮೂತಿಯನ್ನು ಅತಿಯಾಗಿ ಎತ್ತಿದ. ವಿಮಾನ ವೇಗ ಕಳೆದುಕೊಂಡು, ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಿದ್ದು ಮುಂಭಾಗ ಮುರಿಯಿತು. ಆ ದಿನ ಮನೆಗೆ ಬರೆದ ಪತ್ರದಲ್ಲಿ ವಿಲ್ಬರ್ ಯಂತ್ರವನ್ನು ದೂರಲಿಲ್ಲ. ಅದಕ್ಕೆ ಬೇಕಾದಷ್ಟು ಶಕ್ತಿಯಿದೆ, ತನ್ನ ಅನುಭವದ ಕೊರತೆಯಿಂದ ಸಣ್ಣ ತಪ್ಪಾಗದಿದ್ದರೆ ಚೆನ್ನಾಗಿಯೇ ಹಾರುತ್ತಿತ್ತು ಎಂಬ ಅರ್ಥದಲ್ಲಿ ಬರೆದ. ಅಣ್ಣ ತಮ್ಮ ಕೂತು ಅದನ್ನು ಸರಿಪಡಿಸಿದರು. ಮುಂದಿನ ಸರದಿ ತಮ್ಮನದು.

ವಿಲ್ಬರ್ ಪತ್ರದಲ್ಲಿ ಬರೆದದ್ದನ್ನೇ ನೀವು ಬಾಯಲ್ಲಿ ಹೇಳಬೇಕು: ಯಂತ್ರ ಸರಿಯಿತ್ತು, ತಪ್ಪು ನನ್ನದು.

ಹೇಳುವುದು ಹೇಗೆ?

ಎದುರುಬದುರು ಕೂರಿಸಿಕೊಂಡು 'ನಿನ್ನ ಹತ್ರ ಮಾತಾಡ್ಬೇಕು' ಎಂದರೆ ಈ ವಯಸ್ಸಿನವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಸ್ಕೂಟರಿನಲ್ಲಿ ಹೋಗುವಾಗ, ಸೊಪ್ಪು ಬಿಡಿಸುವಾಗ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲದ ಹೊತ್ತು ನೋಡಿ. ಚಿಕ್ಕದಾಗಿ ಹೇಳಿ. ಮಾತು ನಿಮ್ಮದೇ ಇರಲಿ, ದಾರಿ ಕಾಣಲೆಂದು ಒಂದು ಮಾದರಿ ಕೊಡುತ್ತೇನೆ:

'ಅವತ್ತು ಅಂಟು ಸರಿಯಿಲ್ಲ ಅಂದೆನಲ್ಲ, ಅದು ತಪ್ಪು. ನೀನು ಕಟ್ಟಿದ್ದು ಸರಿಯಾಗೇ ಇತ್ತು. ನೀನು ಬೇಡ ಅಂದ್ರೂ ಇಸ್ಕೊಂಡೆ, ನನ್ನ ಕಡೆ ಬರುವಾಗ ಎಡಬಲ ಗೊತ್ತಾಗ್ಲಿಲ್ಲ, ಮೂತಿ ಎತ್ತಿ ಬೀಳಿಸ್ದೆ. ಆಮೇಲೆ ಎಲ್ಲರ ಎದುರಿಗೆ ನಿನ್ನ ಮೇಲೆ ಹಾಕ್ದೆ. ಹಂಗೆ ಮಾಡಬಾರದಿತ್ತು.'

ಅಷ್ಟು ಹೇಳಿ ನಿಲ್ಲಿಸಿ. 'ಆದ್ರೆ ನೀನೂ...' ಎಂದು ಮುಂದುವರಿಸಿದರೆ ಹಿಂದೆ ಹೇಳಿದ್ದೆಲ್ಲ ನೀರಲ್ಲಿ ಹೋಮ. 'ಕ್ಷಮಿಸಿದ್ದೀ ತಾನೆ?' ಎಂದು ಅಲ್ಲೇ ಉತ್ತರ ವಸೂಲಿ ಮಾಡಬೇಡಿ. ಅವನು 'ಹೂಂ' ಎಂದು ಎದ್ದುಹೋಗಬಹುದು. ಹೋಗಲಿ. ನಿಮ್ಮ ಮಾತು ಅವನ ಜೊತೆಗೇ ಹೋಗುತ್ತದೆ.

ಆಡಿದ ಮಾತಿಗೆ ಸಾಕ್ಷಿಗಳಿದ್ದರು. ಹಿಂತೆಗೆದುಕೊಂಡದ್ದೂ ಅವರಿಗೆ ಗೊತ್ತಾಗಬೇಕು. ಭಾವಮೈದನಿಗೆ ಫೋನ್ ಮಾಡಿ, 'ಅವತ್ತು ವಿಮಾನ ಬಿದ್ದಿದ್ದು ನನ್ನಿಂದ ಕಣಯ್ಯ, ಹುಡುಗ ಕಟ್ಟಿದ್ದರಲ್ಲಿ ಏನೂ ತಪ್ಪಿರಲಿಲ್ಲ' ಎಂದು ಹೇಳಿ. ಮಗನಿಗೆ ಕೇಳಿಸಲೆಂದು ಜೋರಾಗಿ ಹೇಳಬೇಕಿಲ್ಲ. ಮಾವನ ಬಾಯಿಂದ ಒಂದು ದಿನ ಅವನಿಗೆ ತಲುಪುತ್ತದೆ.

ಜೊತೆಗೆ ನೀವು ಇದುವರೆಗೆ ಮಗನಿಗೆ ಹೇಳದ ಇನ್ನೊಂದು ವಿಷಯವಿದೆ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದದ್ದು ನೀವೇ. ನಿಮಗೆ ಹೆಮ್ಮೆಯಿತ್ತು. ಭಾವಮೈದನಿಗೆ ಅದು ಕಂಡಿತು, ನನಗೆ ಪತ್ರದಲ್ಲಿ ಕಾಣುತ್ತಿದೆ. 'ಓದೋ ವಯಸ್ನಲ್ಲಿ ಇದೇನೋ' ಎಂಬುದನ್ನು ಮಾತ್ರ ಕೇಳಿರುವ ಮಗನಿಗೆ ಕಂಡಿದೆಯೇ? ಮೊದಲ ಸಲ ಮೇಲೆದ್ದ ದಿನ ಮಾತು ಹೊರಡಲಿಲ್ಲ ಎಂದಿರಿ. ಆ ದಿನದ ಮಾತನ್ನು ಈಗ ಹೇಳಿದರೂ ತಡವಾಗಿಲ್ಲ.

ಮಗನ ಮುಂದೆ ತಲೆ ತಗ್ಗಿಸಿದರೆ ನಾಳೆ ನನ್ನ ಮಾತು ಕೇಳುತ್ತಾನೆಯೇ ಎಂಬ ಅಳುಕು ಅನೇಕ ಅಪ್ಪಂದಿರಿಗಿದೆ. ತಪ್ಪು ಮಾಡಿದಾಗ ಒಪ್ಪಿಕೊಳ್ಳುವುದು ಹೇಗೆಂದು ಹುಡುಗರು ಎಲ್ಲಾದರೂ ನೋಡಿಯೇ ಕಲಿಯಬೇಕು. ಮನೆಯಲ್ಲಿ ನೋಡಿದರೆ, ಮುಂದೆ ಏನಾದರೂ ಎಡವಟ್ಟಾದಾಗ ಮುಚ್ಚಿಡದೆ ನಿಮ್ಮ ಹತ್ತಿರವೇ ಬಂದು ಹೇಳುವ ಧೈರ್ಯ ಬರುತ್ತದೆ.

ಗುಟ್ಟಾಗಿ ರಿಪೇರಿ ಬೇಡ

ಅವನಿಲ್ಲದಾಗ ಸರಿಮಾಡಿಡುವ ನಿಮ್ಮ ಯೋಚನೆಯ ಹಿಂದೆ ಪ್ರೀತಿಯೇ ಇದೆ. ಆದರೂ ಬೇಡ ಎನ್ನುತ್ತೇನೆ. ಅವನ ಒಪ್ಪಿಗೆಯಿಲ್ಲದೆ ರಿಮೋಟು ತೆಗೆದುಕೊಂಡದ್ದರಿಂದ ಇಷ್ಟೆಲ್ಲ ಆಯಿತು. ಒಪ್ಪಿಗೆಯಿಲ್ಲದೆ ಗಂಟು ಬಿಚ್ಚಿದರೆ ಅದೇ ಎರಡನೇ ಸಲವಾಗುತ್ತದೆ. ತಪ್ಪು ಜಾಗದಲ್ಲಿ ಅಂಟು ಹಾಕಿದರೆ ಬಿಡಿಸುವುದೂ ಕಷ್ಟ. ಸರಿಯಾಗಿ ಕೂಡಿಸದ ರೆಕ್ಕೆ ಗಾಳಿಯಲ್ಲಿ ಕಳಚಿದರೆ ಕೆಳಗೆ ನಿಂತವರಿಗೂ ಅಪಾಯ.

'ಯಾವಾಗಾದ್ರೂ ಅದನ್ನ ಇಳಿಸ್ಬೇಕು ಅನ್ಸಿದ್ರೆ ಹೇಳು, ಉಜ್ಜೋ ಕೆಲಸ, ಹಿಡ್ಕೊಳ್ಳೋ ಕೆಲಸ ನನಗಿರಲಿ' ಎಂದಷ್ಟೇ ಹೇಳಿಡಿ. ಹೊಸ ಡಬ್ಬದ ಬಗ್ಗೆಯೂ ಸ್ಪಷ್ಟಪಡಿಸಿ: 'ಇದು ನಿನ್ನ ವಿಮಾನದ ಬದಲಿಗಲ್ಲ. ಇಟ್ಕೊಂಡ್ರೂ ಸರಿ, ವಾಪಸ್ ಕಳಿಸಿದ್ರೂ ಸರಿ, ಬಿಡಿಭಾಗಕ್ಕೆ ಬಳಸಿದ್ರೂ ಸರಿ.' ತೀರ್ಮಾನ ಅವನದಾಗಲಿ.

ಅವನು ಹೂಂ ಎಂದರೆ

ಆಗ ಅವನೇ ಮೇಸ್ತ್ರಿ, ನೀವು ಕೈಯಾಳು. ಒಳ್ಳೆಯ ಕೈಯಾಳಾಗಲು ಒಂದಿಷ್ಟು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ, ಅವನಿಗೆ ಉಪದೇಶಿಸಲು ಅಲ್ಲ.

ಮೊದಲ ದಿನ ಅಂಟಿನ ಬಾಟಲಿ ಮುಚ್ಚಿಯೇ ಇರಲಿ. ಹಳೆ ಪೇಪರು ಹಾಸಿ ಚೂರುಗಳನ್ನು ಮೂಲದಲ್ಲಿ ಇದ್ದ ಜಾಗಕ್ಕೆ ಹರವಿ. ಎಷ್ಟು ಸಣ್ಣ ಚೂರಾದರೂ ಎಸೆಯಬೇಡಿ. ಮುರಿದ ಅಂಚನ್ನು ನೇರ ಮಾಡಲು ಕತ್ತರಿಸಲೂಬೇಡಿ. ಒರಟು ಅಂಚುಗಳು ಒಂದರೊಳಗೊಂದು ತಾವಾಗಿ ಕೂರುತ್ತವೆ, ಅಂಟಿಗೂ ಹೆಚ್ಚು ಜಾಗ ಸಿಗುತ್ತದೆ. ಆಮೇಲೆ ಮೂರು ಪಟ್ಟಿ ಮಾಡಿ: ಸರಿಮಾಡಬಹುದಾದದ್ದು, ಹೊಸದಾಗಿ ಕಟ್ಟಬೇಕಾದದ್ದು, ಕೊಳ್ಳಬೇಕಾದದ್ದು. ಅಟ್ಟದ ಮೇಲಿನ ಗಂಟು ಊಹೆಯಲ್ಲಿ ಎಷ್ಟು ದೊಡ್ಡದಿತ್ತೋ ಕಾಗದದ ಮೇಲೆ ಅಷ್ಟಿರುವುದಿಲ್ಲ.

ಬಾಲ್ಸಾ ತುಂಡುಗಳನ್ನು ಮೊದಲು ಅಂಟಿಲ್ಲದೆಯೇ ಕೂಡಿಸಿ ನೋಡಿ, ನೇರ ಕೂತ ಮೇಲೆ ತೆಳು ಸೂಪರ್ ಗ್ಲೂ ತೊಟ್ಟಿಕ್ಕಿದರೆ ಸಂದಿಯೊಳಗೆ ತಾನೇ ಇಳಿಯುತ್ತದೆ. ಆದರೆ ಕ್ಷಣದಲ್ಲಿ ಹಿಡಿದುಬಿಡುತ್ತದೆ. ಕೂರಿಸಿ ಸರಿಪಡಿಸಲು ಸಮಯ ಬೇಕಾದಲ್ಲಿ ಮರದ ಕೆಲಸದ ಬಿಳಿ ಅಂಟೇ ಒಳ್ಳೆಯದು. ಮೋಟಾರು ಕೂರುವ ಮೂತಿಯ ಹಲಗೆಗೆ ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಬೇಕು. ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆ ಮುರಿದಿದ್ದರೆ ಅಂಟೊಂದನ್ನೇ ನಂಬಬಾರದು. ಮುರಿದ ಕೈಗೆ ದಬ್ಬೆ ಕಟ್ಟಿದ ಹಾಗೆ ಎರಡೂ ಪಕ್ಕಕ್ಕೆ ತೆಳು ಪ್ಲೈವುಡ್ ಪಟ್ಟಿ ಅಂಟಿಸಬೇಕು. ಪಟ್ಟಿಯ ತುದಿಗಳನ್ನು ಇಳಿಜಾರಾಗಿ ಉಜ್ಜಿದರೆ ಒತ್ತಡ ಒಂದೇ ಕಡೆ ಬಿದ್ದು ಅಲ್ಲೇ ಮತ್ತೆ ಮುರಿಯುವುದು ತಪ್ಪುತ್ತದೆ.

ಜಾಸ್ತಿ ಅಂಟು ಹಾಕಿದರೆ ಜಾಸ್ತಿ ಗಟ್ಟಿ ಎಂದು ನಮಗೆ ಅನ್ನಿಸುವುದು ಸಹಜ. ವಿಮಾನದಲ್ಲಿ ಅದು ಬರೀ ಭಾರ. ಅದರಲ್ಲೂ ಬಾಲದ ಕಡೆ ಕೈ ಬಿಗಿಹಿಡಿಯಬೇಕು. ಸಮತೋಲದ ಬಿಂದುವಿನಿಂದ ಬಾಲ ಮೂತಿಗಿಂತ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ 10 ಗ್ರಾಂ ಸೇರಿದ್ದನ್ನು ಸರಿದೂಗಿಸಲು ಮೂತಿಗೆ 30 ಗ್ರಾಂ ಹಾಕಬೇಕಾಗುತ್ತದೆ.

ಕಣ್ಣಿಗೆ ಕಾಣದ ಪೆಟ್ಟುಗಳೂ ಇರುತ್ತವೆ. ಪ್ರೊಪೆಲ್ಲರ್ ಬಿಚ್ಚಿಟ್ಟು ಮೋಟಾರನ್ನು ಕೈಯಲ್ಲಿ ತಿರುಗಿಸಿ ದಂಡ ಬಾಗಿದೆಯೇ ನೋಡಿ. ಮನೆಯೊಳಗೆ ಮೋಟಾರಿಗೆ ಕರೆಂಟು ಕೊಡುವಾಗ ಪ್ರೊಪೆಲ್ಲರ್ ಎಂದೂ ಇರಬಾರದು, ಅದು ಬೆರಳು ಕತ್ತರಿಸುತ್ತದೆ. ಚಕ್ಕೆಯೆದ್ದ ಪ್ರೊಪೆಲ್ಲರನ್ನು ಅಂಟಿಸಿ ಬಳಸಬೇಡಿ, ಹೊಸದು ಹಾಕಿ. ರೆಕ್ಕೆ ಬಾಲಗಳ ಹಲಗೆ ಆಡಿಸುವ ಸರ್ವೋಗಳ ಒಳಗಿನ ಹಲ್ಲು ಮುರಿದಿದ್ದರೆ ನಡುವೆ ಎಗರಿದಂತೆ, ಕಟಕಟ ಎಂದಂತೆ ಗೊತ್ತಾಗುತ್ತದೆ. ರಿಸೀವರಿನ ಆಂಟೆನಾ ತುಂಡಾಗಿದೆಯೇ ನೋಡಿ. 2.4 ಗಿಗಾಹರ್ಟ್ಸ್‌ನ ಸೆಟ್ಟುಗಳಲ್ಲಿ ತುದಿಯ ಸುಮಾರು 31 ಮಿಲಿಮೀಟರ್ ತಂತಿಯೇ ಸಂಕೇತ ಹಿಡಿಯುವ ಭಾಗ.

ಮತ್ತೆ ಹಾರಿಸುವ ಮುನ್ನ

ರಿಪೇರಿಯಾದ ವಿಮಾನದ ತೂಕ ಹಂಚಿಕೆ ಮೊದಲಿನಂತಿರುವುದಿಲ್ಲ. ಕಲಿಕೆಯ ವಿಮಾನಗಳಲ್ಲಿ ಸಮತೋಲದ ಬಿಂದು ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗಿರುತ್ತದೆ. ಅಗಲ 20 ಸೆಂಟಿಮೀಟರ್ ಇದ್ದರೆ 5ರಿಂದ 6.5 ಸೆಂಟಿಮೀಟರ್. ಬ್ಯಾಟರಿ ಸಮೇತ ಆ ಜಾಗದಲ್ಲಿ ಎರಡು ಬೆರಳುಗಳ ಮೇಲೆ ಎತ್ತಿದಾಗ ಮಟ್ಟವಾಗಿ ಅಥವಾ ಮೂತಿ ತುಸು ಕೆಳಗಾಗಿ ನಿಲ್ಲಬೇಕು. ಬಾಲ ಭಾರವಾಗಿದ್ದರೆ ಹಾರಿಸಲೇಬಾರದು. ಆಮೇಲೆ ವಿಮಾನದ ಹಿಂದೆ ನಿಂತು ಕಡ್ಡಿಗಳನ್ನು ಪರೀಕ್ಷಿಸಿ. ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಹಿಂದಿನ ಹಲಗೆ ಮೇಲೇಳಬೇಕು, ಹಿಂದಕ್ಕೆಳೆದರೆ ಬಾಲದ ಹಲಗೆ ಮೇಲೇಳಬೇಕು. ರಿಪೇರಿಯಲ್ಲಿ ಇವು ಅದಲುಬದಲಾಗುವುದುಂಟು. ರಿಮೋಟಿನ ಸಂಕೇತ ಎಷ್ಟು ದೂರ ತಲುಪುತ್ತದೆ ಎಂಬ ಪರೀಕ್ಷೆಯನ್ನೂ ಕೈಪಿಡಿಯಲ್ಲಿ ಹೇಳಿದಂತೆ ಮಾಡಿ.

ಹಾರಿಸುವ ಜಾಗ ವಿಶಾಲವಾಗಿರಲಿ, ತಲೆಯ ಮೇಲೆ ವಿದ್ಯುತ್ ತಂತಿ ಇರದಿರಲಿ, ಸುತ್ತ ಜನ ಜಾನುವಾರು ಇರದಿರಲಿ. ಹವ್ಯಾಸದ ಮಾದರಿ ವಿಮಾನಗಳೂ 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ನಿಮ್ಮ ಮೈದಾನ ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಕೊಳ್ಳಿ. ರಿಪೇರಿಯಾದ ಮೇಲಿನ ಮೊದಲ ಹಾರಾಟದ ದಿನ ಅನುಭವಿ ಹವ್ಯಾಸಿಯೊಬ್ಬರು ಜೊತೆಗಿದ್ದರೆ ಒಳ್ಳೆಯದು. ರಿಮೋಟು ಹಿಡಿಯುವವನು ಮಗ, ಹಿಡಿಯುವುದೋ ಬೇಡವೋ ಎನ್ನುವುದೂ ಅವನ ಮಾತು.

ಮುಂದೊಂದು ದಿನ ಅವನೇ ಕರೆದರೆ ನೀವೂ ಕಲಿಯಬಹುದು. ಬಡ್ಡಿ ಬಾಕ್ಸ್ ಎಂಬ ವ್ಯವಸ್ಥೆಯಲ್ಲಿ ಎರಡು ರಿಮೋಟುಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ಕಲಿಸುವವನು ಸ್ವಿಚ್ ಬಿಟ್ಟರೆ ವಿಮಾನ ತಕ್ಷಣ ಅವನ ಹಿಡಿತಕ್ಕೆ ಬರುತ್ತದೆ. ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಎಷ್ಟು ಸಲ ಬೀಳಿಸಿದರೂ ಖರ್ಚಿಲ್ಲ.

ಅವನು ಬೇಡ ಎಂದರೆ

ಇದಕ್ಕೂ ಸಿದ್ಧರಿರಿ. 'ನನಗೆ ಅದು ಬೇಡಪ್ಪ' ಎಂದರೆ ಗಂಟು ಅಟ್ಟದ ಮೇಲೇ ಇರಲಿ. ಪಿಯುಸಿ ಓದು ಹೆಚ್ಚಿರಬಹುದು, ಆಸಕ್ತಿ ಬೇರೆ ಕಡೆ ತಿರುಗಿರಬಹುದು, ಇನ್ನೂ ನೋವಿರಬಹುದು. ನಿಮ್ಮ ಸಮಾಧಾನಕ್ಕಾಗಿ ಅವನು ವಿಮಾನ ಸರಿಮಾಡಬೇಕಿಲ್ಲ. ಈ ಸಲ ಅವನ 'ಬೇಡ' ನಡೆಯಿತು ಎಂಬುದು ಅವನಿಗೆ ಗೊತ್ತಾದರೆ ಅದೂ ಒಂದು ರಿಪೇರಿಯೇ.

ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತಾನೆ ಎಂಬ ನಿಮ್ಮ ಪತ್ನಿಯ ಮಾತೂ ಪೂರ್ತಿ ಸುಳ್ಳಲ್ಲ. ಮಕ್ಕಳಿಗೆ ಒಂದಿಷ್ಟು ಏಕಾಂತ ಬೇಕು. ಆದರೆ ಎರಡು ವಾರಕ್ಕೂ ಮೀರಿ ಊಟ ನಿದ್ದೆ ಏರುಪೇರಾಗಿದ್ದರೆ, ಗೆಳೆಯರನ್ನೂ ದೂರ ಮಾಡಿದ್ದರೆ, ಓದಿನಲ್ಲಿ ಒಮ್ಮೆಗೇ ಕುಸಿದಿದ್ದರೆ, ಬದುಕೇ ಬೇಡವೆನ್ನುವಂಥ ಮಾತು ಒಮ್ಮೆ ಬಂದಿದ್ದರೂ, ಕಾರಣ ವಿಮಾನಕ್ಕಿಂತ ದೊಡ್ಡದಿರಬಹುದು. ಆಗ ಕಾಯಬೇಡಿ. ಕಾಲೇಜಿನ ಆಪ್ತಸಮಾಲೋಚಕರನ್ನೋ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮಗೇ ಮನಸ್ಸು ಭಾರವಾದಾಗ ನೀವೂ ಕರೆ ಮಾಡಬಹುದು.

ಇದನ್ನು ಓದುತ್ತಿರುವ ಬೇರೆ ಮನೆಗಳಲ್ಲಿ ವಿಮಾನ ಇಲ್ಲದಿರಬಹುದು. ಅಮ್ಮ ಗುಜರಿಗೆ ಹಾಕಿದ ನೋಟುಬುಕ್ಕಿನಲ್ಲಿ ಮಗಳ ಚಿತ್ರಗಳಿದ್ದಿರಬಹುದು, ಅಣ್ಣನ ಕೈಯಲ್ಲಿ ತಮ್ಮನ ಗಿಟಾರ್ ಬಿರುಕು ಬಿಟ್ಟಿರಬಹುದು. ಬೆಲೆ ಲೆಕ್ಕ ಹಾಕುವ ಮುಂಚೆ, ಆ ಹೊತ್ತಿನಲ್ಲಿ ಏನೆಂದೆವು ಎಂದು ಒಮ್ಮೆ ನೆನಪಿಸಿಕೊಳ್ಳಿ.

ನಿಮಗೆ ಈ ವಾರ ಎರಡೇ ಕೆಲಸ. ಇವತ್ತು ಬ್ಯಾಟರಿ ಹೊರಗಿಡುವುದು. ಭಾನುವಾರದೊಳಗೆ ಆ ಒಂದು ಮಾತನ್ನು ಹಿಂತೆಗೆದುಕೊಳ್ಳುವುದು. ಅಂಟು, ಪ್ಲೈವುಡ್, ಉಪ್ಪುಕಾಗದ ಕೊಳ್ಳಲು ಅವಸರವಿಲ್ಲ, ಮಗ ಪಟ್ಟಿ ಕೊಟ್ಟ ಮೇಲೆ ಅಂಗಡಿಗೆ ಹೋದರಾಯಿತು.